ಕೆಂಡದ ಅಡುಗೆಗೆ ಡಬ್ಬಿಯ ಪೇಸ್ಟೋ, ಹಸಿ ಶುಂಠಿಯೋ?

ಮನೆಯಲ್ಲಿ ತಿನಿಸು ತಯಾರಿಸಿ ಮಾರುವವರೂ ಅಡುಗೆಯ ಬಗ್ಗೆ ಬರೆಯುವವರೂ ಕಳುಹಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಬಾರಿ ಗ್ರಿಲ್ ಮತ್ತು ತಂದೂರಿ ಅಡುಗೆಯ ಪಾಕವಿಧಾನಗಳಿಗೆ ಸಂಬಂಧಿಸಿದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳತಿಯರು ಸೇರಿ ತಂದೂರಿ ಮಸಾಲೆ ಪುಡಿ ತಯಾರಿಸಿ ಮಾರುತ್ತಿದ್ದೇವೆ. ಪನೀರ್ ಟಿಕ್ಕಾ, ಚಿಕನ್ ಟಿಕ್ಕಾ, ಸುಟ್ಟ ಜೋಳ ಇವುಗಳನ್ನು ಮಾಡುವ ವಿಧಾನದ ಚೀಟಿಯೊಂದನ್ನು ಪೊಟ್ಟಣದೊಳಗೆ ಇಡಬೇಕೆಂದಿದ್ದೇವೆ. ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಪ್ಯಾಕೆಟ್ ಮೊಸರು, ಬಾಟಲಿಯ ನಿಂಬೆರಸ ಎಂದು ಬರೆದರೆ ಮಾತ್ರ ಜನ ಮಾಡಲು ಮುಂದಾಗುತ್ತಾರೆ ಎಂದು ಒಬ್ಬಳು ಹೇಳುತ್ತಾಳೆ. ಹಾಗೆ ಬರೆದರೆ ನಮ್ಮ ಮಸಾಲೆಗೇ ಬೆಲೆ ಇರುವುದಿಲ್ಲ ಎಂದು ಇನ್ನೊಬ್ಬಳು ಹೇಳುತ್ತಾಳೆ. ಯಾರ ಮಾತು ಸರಿ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಡೀ ಪಾಕವಿಧಾನಕ್ಕೆ ಒಂದೇ ತೀರ್ಮಾನವನ್ನು ಹುಡುಕುತ್ತಿರುವುದರಿಂದ ನಿಮ್ಮ ಚರ್ಚೆ ಮುಗಿಯುತ್ತಿಲ್ಲ. ಒಂದೊಂದು ಪದಾರ್ಥವೂ ಬೆಂಕಿಯ ಮೇಲೆ ಯಾವ ಕೆಲಸ ಮಾಡುತ್ತದೆ ಎಂಬುದನ್ನು ನೋಡಿ, ಆಯಾ ಪದಾರ್ಥಕ್ಕೆ ಪ್ರತ್ಯೇಕವಾಗಿ ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ನಿಮ್ಮ ಎರಡನೆಯ ಗೆಳತಿಯ ಆತಂಕವನ್ನು ತೆಗೆದುಕೊಳ್ಳೋಣ, ಏಕೆಂದರೆ ಅದು ಹಳೆಯದು ಮತ್ತು ಸಾಕಷ್ಟು ಪರೀಕ್ಷೆಗೆ ಒಳಗಾದದ್ದು. 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೇಸನ್ ಹೇರ್ ಒಂದು ಸರಳ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ದಿನಸಿ ಸಾಮಾನಿನ ಎರಡು ಪಟ್ಟಿಗಳನ್ನು ಸಿದ್ಧಪಡಿಸಿ, ಒಂದರಲ್ಲಿ ನೆಸ್‌ಕೆಫೆ ಇನ್‌ಸ್ಟಂಟ್ ಕಾಫಿಯನ್ನೂ ಇನ್ನೊಂದರಲ್ಲಿ ಸೋಸಿ ಮಾಡುವ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿಯನ್ನೂ ಸೇರಿಸಿ, ಉಳಿದದ್ದನ್ನೆಲ್ಲ ಒಂದೇ ರೀತಿ ಇಟ್ಟು, ಈ ಪಟ್ಟಿ ಬರೆದ ಹೆಂಗಸು ಎಂಥವಳಿರಬಹುದು ಎಂದು ಐವತ್ತು ಐವತ್ತು ಮಹಿಳೆಯರ ಎರಡು ಗುಂಪುಗಳನ್ನು ಕೇಳಿದರು. ಇನ್‌ಸ್ಟಂಟ್ ಕಾಫಿ ಇದ್ದ ಪಟ್ಟಿಯವಳನ್ನು ಶೇಕಡ 48ರಷ್ಟು ಮಂದಿ ಸೋಮಾರಿ ಎಂದರು. ಇನ್ನೊಂದು ಪಟ್ಟಿಯವಳನ್ನು ಹಾಗೆಂದವರು ಶೇಕಡ 4 ಮಾತ್ರ. ನೇರವಾಗಿ ಕೇಳಿದಾಗ ರುಚಿ ಇಷ್ಟವಾಗುವುದಿಲ್ಲ ಎನ್ನುತ್ತಿದ್ದವರ ಮನಸ್ಸಿನಲ್ಲಿ ಇದ್ದದ್ದು ನೆರೆಹೊರೆಯವರು ಏನೆನ್ನುತ್ತಾರೋ ಎಂಬ ಅಳುಕು. ಅದೇ ಪ್ರಯೋಗವನ್ನು 1970ರಲ್ಲಿ ಮತ್ತೆ ಮಾಡಿದಾಗ ಆ ಕಳಂಕ ಬಹುಮಟ್ಟಿಗೆ ಅಳಿಸಿಹೋಗಿತ್ತು. ಸಿದ್ಧ ಪದಾರ್ಥ ಬಳಸುವುದರ ಬಗೆಗಿನ ನಾಚಿಕೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ತಿಳಿದಿಲ್ಲ. ಆದ್ದರಿಂದ ಆ ನಾಚಿಕೆಯನ್ನು ನಂಬಿ ವ್ಯಾಪಾರ ಕಟ್ಟಬೇಡಿ. ಗ್ರಾಹಕರಲ್ಲಿ ಆ ನಾಚಿಕೆಯನ್ನು ಕೆದಕಿ ಹಸಿ ಪದಾರ್ಥವನ್ನು ಹೊಗಳುವ ಜಾಹೀರಾತನ್ನಂತೂ ಬರೆಯಲೇಬೇಡಿ. ಕೆಲಸದಿಂದ ದಣಿದು ಮನೆಗೆ ಬಂದು ಒಲೆ ಹಚ್ಚುವವರನ್ನು ಕುಗ್ಗಿಸಿ ಮಾರುವ ಅಗತ್ಯ ಯಾವ ಮಸಾಲೆಗೂ ಇರಬಾರದು.

ಆದರೂ ಜನರಿಗೆ ತಮ್ಮ ಕೈಯಿಂದ ಏನಾದರೂ ಮಾಡಿದ ತೃಪ್ತಿ ಬೇಕು ಎಂಬುದು ನಿಜ, ಮತ್ತು ಗ್ರಿಲ್ ಅಡುಗೆಯಲ್ಲಿ ಆ ಆಸೆ ಇನ್ನೂ ಹೆಚ್ಚು. ದಿನನಿತ್ಯದ ಸಾರು ಪಲ್ಯಗಳನ್ನು ಯಾರೂ ನಿಂತು ನೋಡುವುದಿಲ್ಲ. ಕಬಾಬ್ ಕಡ್ಡಿಯನ್ನು ಕೆಂಡದ ಮೇಲೆ ತಿರುಗಿಸುವವರ ಸುತ್ತ ಮನೆಮಂದಿ, ಬಂದ ನೆಂಟರು, ಮಕ್ಕಳು ಎಲ್ಲರೂ ನೆರೆದಿರುತ್ತಾರೆ. ಬೆಂಗಳೂರಿನಲ್ಲಿ 2005ರಲ್ಲಿ ಆರಂಭವಾದ ಐಡಿ ಫ್ರೆಶ್ ಸಂಸ್ಥೆ ದೋಸೆ ಹಿಟ್ಟಿನ ವಿಷಯದಲ್ಲಿ ಮಾಡಿದ್ದನ್ನು ಗಮನಿಸಿ. ನೆನೆಸುವ, ರುಬ್ಬುವ, ಹುದುಗು ಬರಿಸುವ ದುಡಿಮೆಯನ್ನು ಅವರು ವಹಿಸಿಕೊಂಡರು. ಕಾವಲಿಯ ಮೇಲೆ ಹುಯ್ದು ಹರಡುವ ಕೆಲಸವನ್ನು ಮನೆಯವರಿಗೇ ಬಿಟ್ಟರು. ದೋಸೆ ಮನೆಯ ದೋಸೆಯಾಗಿಯೇ ಉಳಿಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನ ಡಫ್ ಕಂಪನಿಯು 1930ರ ದಶಕದಲ್ಲೇ ತನ್ನ ಕೇಕ್ ಮಿಶ್ರಣದ ಪೇಟೆಂಟಿನಲ್ಲಿ ಗೃಹಿಣಿಯರು ತಾಜಾ ಮೊಟ್ಟೆಯನ್ನು ತಾವೇ ಒಡೆದು ಹಾಕಲು ಇಷ್ಟಪಡುತ್ತಾರೆಂದು ಗುರುತಿಸಿತ್ತು. ಯಾವ ಕೆಲಸವನ್ನು ಗ್ರಾಹಕರ ಕೈಯಿಂದ ತೆಗೆದುಕೊಳ್ಳಬೇಕು, ಯಾವುದನ್ನು ಅವರಿಗೇ ಬಿಡಬೇಕು ಎಂಬುದನ್ನು ನಿರ್ಧರಿಸುವುದೇ ನಿಮ್ಮ ಚೀಟಿಯ ಮುಖ್ಯ ಕೆಲಸ.

ಇನ್ನು ಪದಾರ್ಥಗಳ ವಿಷಯ. ನನ್ನ ವಿಂಗಡಣೆ ಹೀಗಿದೆ: ಮಸಾಲೆಯೊಳಗೆ ಬೆರೆತು ಗಂಟೆಗಟ್ಟಲೆ ನೆನೆದು ಬೆಂಕಿಯಲ್ಲಿ ಬೇಯುವುದು ಸಿದ್ಧ ಪದಾರ್ಥವಾಗಿದ್ದರೂ ನಡೆಯುತ್ತದೆ; ಬೆಂದ ಮೇಲೆ ಮೇಲಿಂದ ಬೀಳುವುದು ಹಸಿಯಾಗಿಯೇ ಇರಬೇಕು. ಕೊನೆಗೆ ಹಿಂಡುವ ನಿಂಬೆ, ಉದುರಿಸುವ ಕೊತ್ತಂಬರಿ, ಪಕ್ಕಕ್ಕಿಡುವ ಪುದೀನ ಚಟ್ನಿ, ಹೆಚ್ಚಿದ ಈರುಳ್ಳಿ ಇವುಗಳ ಸುವಾಸನೆ ಬೇಗನೆ ಹಾರಿಹೋಗುವಂಥದ್ದು. ಬಾಟಲಿಯಲ್ಲಿ ಅದು ಉಳಿಯುವುದಿಲ್ಲ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ಜೋಳ ಸುಡುವವರು ಉಪ್ಪು-ಖಾರದಲ್ಲಿ ಅದ್ದಿದ ನಿಂಬೆಹೋಳನ್ನು ತೆನೆಯ ಉದ್ದಕ್ಕೂ ಉಜ್ಜುತ್ತಾರಲ್ಲ, ಅಲ್ಲಿ ಆ ಹೋಳಿನ ಸಿಪ್ಪೆಯ ಎಣ್ಣೆಯೂ ಬಿಸಿ ಕಾಳಿಗೆ ತಗಲುತ್ತದೆ. ಬಾಟಲಿಯ ರಸ ಹುಳಿಯನ್ನು ಕೊಡಬಲ್ಲದು, ಆ ಪರಿಮಳವನ್ನು ಕೊಡಲಾರದು. ಸುಟ್ಟ ಜೋಳದ ಚೀಟಿಯಲ್ಲಿ ಬಾಟಲಿಯ ಹೆಸರೇ ಬರಬಾರದು.

ಶುಂಠಿ-ಬೆಳ್ಳುಳ್ಳಿಯ ವಿಷಯ ಸ್ವಲ್ಪ ಸೂಕ್ಷ್ಮ. ಬೆಳ್ಳುಳ್ಳಿಯನ್ನು ಜಜ್ಜಿದ ಕ್ಷಣದಲ್ಲೇ ಅದರ ಜೀವಕೋಶಗಳು ಒಡೆದು, ಅವುಗಳೊಳಗಿನ ಕಿಣ್ವವು (ಎನ್‌ಜೈಮ್) ಕೆಲಸ ಮಾಡಿ, ಅಲಿಸಿನ್ ಎಂಬ ಖಾರವಾದ ಘಾಟಿನ ಪದಾರ್ಥ ಹುಟ್ಟುತ್ತದೆ. ಅದು ಹೆಚ್ಚು ಕಾಲ ನಿಲ್ಲುವಂಥದ್ದಲ್ಲ. ಅಂಗಡಿಯ ಪೇಸ್ಟ್ ಕೆಡದಂತಿರಲು ಅದಕ್ಕೆ ಉಪ್ಪು ಮತ್ತು ಆಮ್ಲವನ್ನು ಸೇರಿಸಿರುತ್ತಾರೆ, ಬಿಸಿಯನ್ನೂ ಮುಟ್ಟಿಸಿರುತ್ತಾರೆ. ಹೀಗಾಗಿ ಅದರ ಘಾಟು ಕಡಿಮೆ, ಉಪ್ಪು-ಹುಳಿ ಹೆಚ್ಚು. ಬರಿಯ "ಒಂದು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್" ಎಂದು ಬರೆದುಬಿಟ್ಟರೆ, ಮನೆಯಲ್ಲಿ ಅರೆದವರಿಗೆ ಉಪ್ಪು ಸಾಲದೆಯೂ ಡಬ್ಬಿ ತೆರೆದವರಿಗೆ ಉಪ್ಪು ಹೆಚ್ಚಾಗಿಯೂ ಬರುತ್ತದೆ. ಇಬ್ಬರೂ ನಿಮ್ಮ ಮಸಾಲೆಯನ್ನೇ ದೂರುತ್ತಾರೆ. ಅರ್ಧ ಕಿಲೋ ಚಿಕನ್‌ಗೆ ಹಸಿಯದಾದರೆ ಇಷ್ಟು, ಡಬ್ಬಿಯದಾದರೆ ಇಷ್ಟು, ಆಗ ಉಪ್ಪು ಮತ್ತು ನಿಂಬೆರಸ ಇಷ್ಟು ಕಡಿಮೆ ಎಂದು ಎರಡೂ ಅಳತೆಗಳನ್ನು ನೀವೇ ಮಾಡಿ, ರುಚಿ ನೋಡಿ, ಚೀಟಿಯಲ್ಲಿ ಬರೆಯಿರಿ. ಡಬ್ಬಿಯ ಲೇಬಲ್‌ನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಉಪ್ಪು ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡಿಕೊಳ್ಳುವಂತೆ ಗ್ರಾಹಕರಿಗೂ ಹೇಳಬಹುದು.

ಮೊಸರು ಮನೆಯದೋ ಪ್ಯಾಕೆಟ್ಟಿನದೋ ಎಂಬುದಕ್ಕಿಂತ ಅದರಲ್ಲಿ ನೀರೆಷ್ಟಿದೆ ಎಂಬುದೇ ಮುಖ್ಯ. ನೀರಾಗಿದ್ದರೆ ಮಸಾಲೆ ಕಡ್ಡಿಯಿಂದ ಜಾರಿ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ. ಆ ನೀರು ಆವಿಯಾಗಿ ಹೋಗುವವರೆಗೆ ತುಂಡಿನ ಮೇಲೆ ಕಂದು ಬಣ್ಣ ಕಟ್ಟುವುದಿಲ್ಲ, ಅಷ್ಟರಲ್ಲಿ ಒಳಗಿನ ಪನೀರ್ ಒಣಗಿ ರಬ್ಬರಿನಂತಾಗಿರುತ್ತದೆ. ಯಾವ ಮೊಸರಾದರೂ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿ. ಪ್ಯಾಕೆಟ್ಟಿನ ಪನೀರ್ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ಬೆಚ್ಚನೆಯ ನೀರಿನಲ್ಲಿಟ್ಟು ಒರೆಸಿಕೊಳ್ಳುವಂತೆ ಒಂದು ಸಾಲು ಸೇರಿಸಿದರೆ ಸಾಕು.

ಪ್ರಶ್ನೆ: ನಮ್ಮ ಕಬಾಬ್ ಮಸಾಲೆಯಲ್ಲಿ ಬಣ್ಣ ಬೆರೆಸುವುದಿಲ್ಲ. ಹೋಟೆಲಿನ ಹಾಗೆ ಕೆಂಪಗೆ ಬರುವುದಿಲ್ಲವೆಂದು ಗ್ರಾಹಕರು ದೂರುತ್ತಾರೆ. ಪೊಟ್ಟಣದ ಮೇಲೆ "ತಾಜಾ" ಎಂದು ಮುದ್ರಿಸಿ ಇದನ್ನು ಸರಿದೂಗಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಣ್ಣ ಬೆರೆಸದಿರುವ ನಿಮ್ಮ ನಿಲುವನ್ನು ಯಾವ ಕಾರಣಕ್ಕೂ ಬಿಡಬೇಡಿ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರವು ಸಸ್ಯಾಹಾರಿ, ಕೋಳಿ ಮತ್ತು ಮೀನಿನ ಕಬಾಬ್‌ಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ರಾಜ್ಯದಲ್ಲಿ ಸಂಗ್ರಹಿಸಿ ಪರೀಕ್ಷಿಸಿದ 39 ಮಾದರಿಗಳಲ್ಲಿ 8 ಮಾದರಿಗಳು ಅಸುರಕ್ಷಿತವೆಂದು ಕಂಡುಬಂದಿದ್ದವು. ಅವುಗಳಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಬಣ್ಣಗಳಿದ್ದವು. ಹೋಟೆಲಿನ ಆ ಕೆಂಪನ್ನು ಮಾದರಿಯೆಂದು ಭಾವಿಸಬೇಕಾಗಿಲ್ಲ ಎಂದು ಗ್ರಾಹಕರಿಗೆ ನೇರವಾಗಿ ಹೇಳುವ ಧೈರ್ಯ ನಿಮಗಿರಲಿ.

ನಿಜವಾದ ಕೆಂಪು ನಮ್ಮ ಮನೆ ಬಾಗಿಲಲ್ಲೇ ಇದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆಯಿದ್ದು ಬಣ್ಣ ಹೆಚ್ಚು ಕೊಡುತ್ತದೆ, ಅದರಲ್ಲೂ ದುಂಡಗಿರುವ ಡಬ್ಬಿ ಬ್ಯಾಡಗಿ ಬಣ್ಣಕ್ಕೇ ಹೆಸರುವಾಸಿ. ಆ ಬಣ್ಣದ ಅಂಶವು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ, ಪುಡಿಯನ್ನು ನೇರವಾಗಿ ಮೊಸರಿಗೆ ಹಾಕಿದಾಗ ಅದರ ಸಾಮರ್ಥ್ಯವೆಲ್ಲ ಹೊರಬರುವುದಿಲ್ಲ. ಎರಡು ಚಮಚ ಎಣ್ಣೆಯನ್ನು ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ, ಅದರಲ್ಲಿ ಮಸಾಲೆಯನ್ನು ಕಲಸಿ, ಬಣ್ಣ ಬಿಟ್ಟುಕೊಂಡ ಮೇಲೆ ಮೊಸರಿಗೆ ಸೇರಿಸಲು ಹೇಳಿ. ಬಿಡುವಿರುವವರು ಇಡೀ ಮೆಣಸಿನಕಾಯಿಯ ಬೀಜ ತೆಗೆದು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದರೆ ಮಸಾಲೆ ತುಂಡಿಗೆ ಇನ್ನೂ ಚೆನ್ನಾಗಿ ಅಂಟುತ್ತದೆ. ನನಗೆ ಕೇಳಿದರೆ, ಮನೆಯಲ್ಲಿ ಪಡುವ ಶ್ರಮಕ್ಕೆ ತಕ್ಕ ಫಲ ಕಣ್ಣಿಗೂ ನಾಲಿಗೆಗೂ ತಿಳಿಯುವುದು ಇದೊಂದರಲ್ಲೇ ಎಲ್ಲಕ್ಕಿಂತ ಹೆಚ್ಚು.

"ತಾಜಾ" ಪದವನ್ನು ಮಾತ್ರ ಬಳಸಬೇಡಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಜಾಹೀರಾತು ಮತ್ತು ಘೋಷಣೆಗಳ ಕುರಿತು 2018ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ತೊಳೆಯುವುದು, ಸಿಪ್ಪೆ ತೆಗೆಯುವುದು, ಹೆಚ್ಚುವುದು, ತಂಪಾಗಿಡುವುದು ಮುಂತಾದ ಅಲ್ಪ ಸಂಸ್ಕರಣೆಯನ್ನು ದಾಟಿದ ಪದಾರ್ಥವನ್ನು ಆ ಹೆಸರಿನಿಂದ ಕರೆಯುವಂತಿಲ್ಲ. ಹುರಿದು ಪುಡಿ ಮಾಡಿದ ಮಸಾಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಬ್ರ್ಯಾಂಡಿನ ಹೆಸರಿನಲ್ಲೇ ಅಂಥ ಪದವಿದ್ದು ಅದು ಗ್ರಾಹಕರ ದಾರಿ ತಪ್ಪಿಸುವಂತಿದ್ದರೆ, ಇದು ಬ್ರ್ಯಾಂಡಿನ ಹೆಸರು ಮಾತ್ರ, ಪದಾರ್ಥದ ನಿಜ ಸ್ವರೂಪವನ್ನು ಸೂಚಿಸುವುದಿಲ್ಲ ಎಂಬ ಒಕ್ಕಣೆಯನ್ನು ಕನಿಷ್ಠ 3 ಮಿಲಿಮೀಟರ್ ಗಾತ್ರದಲ್ಲಿ ಮುದ್ರಿಸಬೇಕಾಗುತ್ತದೆ. ಪುಡಿ ಮಾಡಿದ ತಿಂಗಳನ್ನೂ ಬಳಸಿದ ಮೆಣಸಿನಕಾಯಿಯ ಊರನ್ನೂ ಬರೆದರೆ ಓದುವವರಿಗೆ ಅದಕ್ಕಿಂತ ಹೆಚ್ಚಿನ ಮಾಹಿತಿ ಸಿಗುತ್ತದೆ.

ಪ್ರಶ್ನೆ: ಅನಾನಸ್ ಸೇರಿಸಿ ಗ್ರಿಲ್ ಮಾಡುವ ಚಿಕನ್‌ನ ವಿಧಾನವನ್ನು ನಾನು ಬರೆದಿದ್ದೆ. ಡಬ್ಬಿಯ ಅನಾನಸ್ ಬಳಸಿದವರು ಮಾಂಸ ಮೆತ್ತಗಾಗಲಿಲ್ಲ ಎಂದರು. ಹಸಿ ಹಣ್ಣು ಬಳಸಿದವರು ಮಾಂಸ ಮುದ್ದೆಯಾಯಿತು ಎಂದರು. ಒಂದೇ ಹಣ್ಣಿನಿಂದ ಹೀಗೇಕೆ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹಸಿ ಅನಾನಸ್‌ನಲ್ಲಿ ಬ್ರೋಮಿಲೈನ್ ಎಂಬ ಕಿಣ್ವವಿದೆ. ಅದು ಮಾಂಸದ ಪ್ರೋಟೀನನ್ನು ತುಂಡರಿಸುತ್ತದೆ. ಡಬ್ಬಿಗೆ ತುಂಬುವಾಗ ಹಣ್ಣನ್ನು ಬಿಸಿ ಮಾಡುವುದರಿಂದ ಆ ಕಿಣ್ವ ನಿಷ್ಕ್ರಿಯವಾಗಿ ಸಿಹಿ-ಹುಳಿ ಮಾತ್ರ ಉಳಿಯುತ್ತದೆ. ಹೀಗೆ ಹಸಿಯದೂ ಡಬ್ಬಿಯದೂ ರುಚಿಯಲ್ಲಿ ಮಾತ್ರವಲ್ಲದೆ ಮಾಡುವ ಕೆಲಸದಲ್ಲೂ ಬೇರೆಯಾಗಿರುವ ಪದಾರ್ಥ ಇದು, ಮತ್ತು ಇಂಥ ಕಡೆ "ಯಾವುದಾದರೂ ಆದೀತು" ಎಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಹಸಿ ಹಣ್ಣಾದರೆ ಚಿಕನ್‌ಗೆ ಅರ್ಧ ಗಂಟೆಯೊಳಗೆ ಮುಗಿಸಿ. ಡಬ್ಬಿಯದಾದರೆ ರಾತ್ರಿಯಿಡೀ ಇಟ್ಟರೂ ತೊಂದರೆಯಿಲ್ಲ, ಆದರೆ ಮೆತ್ತಗಾಗಿಸುವ ಕೆಲಸವನ್ನು ಮೊಸರಿಗೆ ಒಪ್ಪಿಸಬೇಕು. ಹಸಿ ಅನಾನಸ್ ಮತ್ತು ಮೊಸರನ್ನು ಬೆರೆಸಿ ಬಹಳ ಹೊತ್ತು ಇಡಬಾರದು, ಏಕೆಂದರೆ ಆ ಕಿಣ್ವ ಹಾಲಿನ ಪ್ರೋಟೀನನ್ನೂ ಒಡೆದು ಕಹಿ ಹುಟ್ಟಿಸುತ್ತದೆ.

ಮಟನ್‌ಗೆ ಬಳಸುವ ಪರಂಗಿಕಾಯಿಗೂ ಈ ಮಾತು ಅನ್ವಯಿಸುತ್ತದೆ. ಅದರ ಪಪೈನ್ ಕಿಣ್ವ ಹಸಿರು ಕಾಯಿಯ ಹಾಲಿನಲ್ಲಿರುತ್ತದೆ. ಆದ್ದರಿಂದ ಸಿಪ್ಪೆಯೊಡನೆ ಅರೆದದ್ದಕ್ಕೆ ಬಲ ಹೆಚ್ಚು, ಹಣ್ಣಾದದ್ದಕ್ಕೆ ಬಹಳ ಕಡಿಮೆ. ಕಾಯಿಯ ಬಲಿತಿಗೆ ತಕ್ಕಂತೆ ಫಲ ಬದಲಾಗುವುದರಿಂದ, ಹೊಸಬರಿಗೆ ಬರೆಯುವ ವಿಧಾನದಲ್ಲಿ ಅಳತೆ ನಿಶ್ಚಿತವಾಗಿರುವ ಪಪೈನ್ ಪುಡಿಯನ್ನು ಸೂಚಿಸುವುದು ತಪ್ಪೇನಲ್ಲ. ಮಾಂಸ ಬೆಂಕಿಯ ಮೇಲೆ ಬಿಸಿಯಾಗತೊಡಗಿದಾಗ ಈ ಕಿಣ್ವ ಇನ್ನಷ್ಟು ಚುರುಕಾಗುತ್ತದೆ ಎಂಬುದನ್ನು ನೆನಪಿಟ್ಟು ಅಳತೆಯನ್ನು ಮಿತವಾಗಿಯೇ ಕೊಡಿ. ಪನೀರ್‌ಗೆ ಇವೆರಡನ್ನೂ ಮುಟ್ಟಿಸಬೇಡಿ.

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಬೇಸಿಗೆಯಲ್ಲಿ ಹಿತ್ತಿಲಿನ ಗ್ರಿಲ್ ಮೇಲೆ ಮಾಡಬಹುದಾದ ನಮ್ಮ ಅಡುಗೆಗಳ ಕರಪತ್ರ ಬರೆದುಕೊಡುವಂತೆ ಇಲ್ಲಿನ ಭಾರತೀಯ ದಿನಸಿ ಅಂಗಡಿಯವರು ಕೇಳಿದ್ದಾರೆ. ಅವರಿಗೆ ಬಾಟಲಿ, ಡಬ್ಬಿಗಳು ಮಾರಾಟವಾಗಬೇಕು. ನನಗೆ ತಾಜಾ ಪದಾರ್ಥಗಳ ಮೇಲೆ ಒಲವು. ಮನೆಯಲ್ಲೇ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹಾಕಿಟ್ಟುಕೊಳ್ಳಿ ಎಂದು ಬರೆಯಬಹುದೇ?
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಪ್ರಾಣದ ವಿಷಯ. ಹಾಗೆ ಬರೆಯಬೇಡಿ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವುದರಿಂದ ಅದರಲ್ಲಿ ಬಾಟ್ಯುಲಿಸಂ ಎಂಬ ಪ್ರಾಣಾಂತಿಕ ವಿಷಾಹಾರ ಕಾಯಿಲೆಯನ್ನು ಉಂಟುಮಾಡುವ ಬ್ಯಾಕ್ಟೀರಿಯದ ಬೀಜಾಣುಗಳು ಇರಬಹುದು. ಎಣ್ಣೆಯೊಳಗೆ ಗಾಳಿಯಿಲ್ಲ, ಹುಳಿಯೂ ಇಲ್ಲ, ಹೊರಗೆ ಬೆಚ್ಚಗಿಟ್ಟರೆ ಅವು ವಿಷವನ್ನು ಉತ್ಪಾದಿಸುತ್ತವೆ. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಹೋಟೆಲೊಂದರಲ್ಲಿ ತಿಂದ ಹಲವರು, ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯನ್ನು ಶೀತಲದಲ್ಲಿಡದೆ ಬಳಸಿದ್ದರಿಂದ ಹೀಗೆಯೇ ಕಾಯಿಲೆ ಬಿದ್ದರು. ಆ ಬಳಿಕ ಅಮೆರಿಕದಲ್ಲಿ ಇಂಥ ಪದಾರ್ಥಕ್ಕೆ ಆಮ್ಲ ಸೇರಿಸುವುದು ಕಡ್ಡಾಯವಾಯಿತು. ಪೇಸ್ಟ್ ಡಬ್ಬಿಯಲ್ಲಿರುವ ಸಿಟ್ರಿಕ್ ಆಮ್ಲವನ್ನು ಕಲಬೆರಕೆಯೆಂದು ತಿಳಿಯುವವರಿಗೆ ಇದನ್ನು ತಿಳಿಸಿ ಹೇಳಬೇಕು: ಆ ಹುಳಿ ಅಲ್ಲಿರುವುದು ತಿನ್ನುವವರ ರಕ್ಷಣೆಗಾಗಿ. ಬೆಳ್ಳುಳ್ಳಿ ಹಸಿಯದೇ ಬೇಕೆಂದರೆ ಅಂದೇ ಅರೆದು ಅಂದೇ ಬಳಸಲಿ.

ಅಂಗಡಿಯವರಿಗೂ ನಿಮಗೂ ಒಪ್ಪಿಗೆಯಾಗುವ ದಾರಿ ಇದೆ. ಅಲ್ಲಿ ಗ್ರೀಕ್ ಯೋಗರ್ಟ್ ಎಂದು ಸಿಗುವುದು ಮೊದಲೇ ನೀರು ಸೋಸಿದ ಮೊಸರು. ಟಿಕ್ಕಾಕ್ಕೆ ಅದು ಮನೆಯ ತೆಳು ಮೊಸರಿಗಿಂತ ಉತ್ತಮ, ಮತ್ತು ಸಂಕೋಚವಿಲ್ಲದೆ ಸೂಚಿಸಬಹುದಾದ ಸಿದ್ಧ ಪದಾರ್ಥ. ಕಸೂರಿ ಮೇಥಿ ಒಣಗಿಯೇ ಬರುವಂಥದ್ದು. ಹಸಿ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ನಿಂಬೆ ಇವೂ ಅದೇ ಅಂಗಡಿಯಲ್ಲಿ ಸಿಗುವುದರಿಂದ, ಚಟ್ನಿಯನ್ನು ಮಾತ್ರ ಹಸಿಯಾಗಿ ಅರೆಯಲು ಹೇಳಿದರೆ ಅವರ ಮಾರಾಟಕ್ಕೆ ಕೊರತೆಯಾಗುವುದಿಲ್ಲ. ಬಾಟಲಿಯ ಬಾರ್ಬೆಕ್ಯೂ ಸಾಸ್ ಸೇರಿಸುವುದಾದರೆ ಅದರಲ್ಲಿ ಸಕ್ಕರೆ ಬಹಳವಿರುತ್ತದೆ ಎಂಬುದನ್ನು ಮರೆಯಬೇಡಿ. ಮೊದಲೇ ಹಚ್ಚಿದರೆ ಒಳಗೆ ಬೇಯುವ ಮುನ್ನ ಹೊರಗೆ ಕರಿದಾಗಿ ಕಹಿಯಾಗುತ್ತದೆ. ಇಳಿಸುವ ಮುಂಚಿನ ನಾಲ್ಕೈದು ನಿಮಿಷಗಳಲ್ಲಿ ಹಚ್ಚಲು ತಿಳಿಸಿ. ಕೋಳಿಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್, ಅಲ್ಲಿನ ಲೆಕ್ಕದಲ್ಲಿ 165 ಡಿಗ್ರಿ ಫ್ಯಾರನ್‌ಹೀಟ್, ತಲುಪಬೇಕೆಂಬ ಸಾಲೂ ಹಸಿ ಮಾಂಸ ನೆನೆದ ಮಸಾಲೆಯನ್ನು ಕುದಿಸದೆ ಮತ್ತೆ ಹಚ್ಚಬಾರದೆಂಬ ಸಾಲೂ ಕರಪತ್ರದಲ್ಲಿ ಇರಲೇಬೇಕು.

ಪ್ರಶ್ನೆ: "ಹತ್ತೇ ನಿಮಿಷದಲ್ಲಿ ತಂದೂರಿ" ಎಂಬ ಶೀರ್ಷಿಕೆ ಕೊಟ್ಟರೆ ವಿಡಿಯೊವನ್ನು ಹೆಚ್ಚು ಜನ ನೋಡುತ್ತಾರೆ. ಸಿದ್ಧ ಪೇಸ್ಟ್ ಬಳಸಿದರೆ ಅಷ್ಟೇ ಸಮಯ ಸಾಕಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಸಿದ್ಧ ಪೇಸ್ಟ್ ಉಳಿಸುವುದು ಸಿಪ್ಪೆ ಸುಲಿದು ಅರೆಯುವ ಸಮಯವನ್ನು ಮಾತ್ರ. ಮಸಾಲೆ ಹಿಡಿಯುವ ಸಮಯ, ಓವನ್ ಅಥವಾ ಗ್ರಿಲ್ ಪ್ಯಾನ್ ಕಾಯುವ ಸಮಯ, ಬೇಯುವ ಸಮಯ ಹಾಗೆಯೇ ಇರುತ್ತವೆ. ಕೆಂಡ ಬಳಸುವವರಿಗೆ ಇದ್ದಿಲು ಬೂದಿ ಕಟ್ಟಿ ಹದಕ್ಕೆ ಬರುವುದಕ್ಕೇ ಸುಮಾರು ಅರ್ಧ ಗಂಟೆ ಬೇಕು. ಶೀರ್ಷಿಕೆಯನ್ನು ನಂಬಿ, ನೆಂಟರು ಬಂದು ಕುಳಿತ ಮೇಲೆ ಅಡುಗೆಗೆ ಇಳಿದವರ ಪಾಡನ್ನು ಯೋಚಿಸಿ. ಕೈಕೆಲಸ ಹತ್ತು ನಿಮಿಷ, ನೆನೆಯಲು ಎರಡು ಗಂಟೆ, ಬೇಯಲು ಇಪ್ಪತ್ತು ನಿಮಿಷ ಎಂದು ಮೂರನ್ನೂ ಬೇರೆ ಬೇರೆಯಾಗಿ ತೆರೆಯ ಮೇಲೆ ತೋರಿಸಿ. ನೆನೆಯುವ ಹೊತ್ತನ್ನು ಫ್ರಿಜ್‌ನಲ್ಲಿ ಕಳೆಯಬಹುದಾದ್ದರಿಂದ, ಬೆಳಿಗ್ಗೆ ಕಲಸಿಟ್ಟು ಸಂಜೆ ಗ್ರಿಲ್ ಮಾಡಿ ಎಂಬ ಸಲಹೆಯನ್ನು ಅದಕ್ಕೆ ಸೇರಿಸಿದರೆ ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗುತ್ತದೆ.